ಎಂಟಕ್ಕೆ ಒಗ್ಗದ ಐದು

೨೦೦೯ರ ಅಕ್ಟೋಬರಿನ ಒಂದು ಗುರುವಾರ ಸಂಜೆ, ಅಮೆರಿಕದ ಸ್ಟರ್ಲಿಂಗ್‌ನ ಒಂದು ಬ್ಯಾಲೆ ಶಾಲೆಯ ಒಳಬಾಗಿಲನ್ನು ಸಿದ್ದೇಶ್ವರಿ ಯಾರನ್ನೂ ಕೇಳದೆ ತಳ್ಳಿಕೊಂಡು ಒಳಗೆ ಹೋದಳು. ಪೋಷಕರು ಒಳಗೆ ಬರಬಾರದು ಎಂದು ಬಾಗಿಲ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ಆರು ವಾರಗಳಿಂದ ಅದರ ಈಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅವಳಿಗೆ ಸಾಕಾಗಿಹೋಗಿತ್ತು. ಏಳು ವರ್ಷದ ಮಗಳು ಮಧುರಾಳ ಪಾಠ ಐದೂವರೆಗೆ ಮುಗಿಯುತ್ತಿತ್ತು. ಆಮೇಲೆ ಮಗು ಶೂ ಬಿಚ್ಚಿ, ಜಡೆ ಬಿಚ್ಚಿ, ಗೆಳತಿಯರ ಜೊತೆ ಮಾತು ಮುಗಿಸಿ ಬರುವಷ್ಟರಲ್ಲಿ ಒಳಗೆ ದೊಡ್ಡ ಹುಡುಗಿಯರ ಕ್ಲಾಸು ಶುರು. ಶಾಲೆಯ ಮುದುಕಿ ಟೀಚರ್ ಅವರ ಮುಂದೆ ಪಾರಸಿ ಪದ್ಯ ಓದುತ್ತಿದ್ದರು. ಓದುವುದೆಂದರೆ ಎಡವುವುದು. ಒಂದು ಸಾಲಿನಲ್ಲಿ ಮೂರು ಕಡೆ ತಡವರಿಸಿ, ಉದ್ದ ಇರಬೇಕಾದಲ್ಲಿ ಗಿಡ್ಡ ಮಾಡಿ, ಕೊನೆಗೆ ಕೋಲಿನಿಂದ ನೆಲ ಕುಟ್ಟುತ್ತ ಒಂದರಿಂದ ಎಂಟರವರೆಗೆ ಎಣಿಸುತ್ತಿದ್ದರು. ಹನ್ನೊಂದು ಅಕ್ಷರದ ಸಾಲು ಎಂಟರ ಎಣಿಕೆಯಲ್ಲಿ ಎಲ್ಲಿ ಕೂರಬೇಕು? ಹಲ್ಲಿನ ಸಂದಿಗೆ ನಾರು ಸಿಕ್ಕಂತೆ ಆ ಸಾಲು ಸಿದ್ದೇಶ್ವರಿಯ ತಲೆಯಲ್ಲಿ ಸಿಕ್ಕಿಕೊಂಡು ವಾರವಿಡೀ ಕಾಡುತ್ತಿತ್ತು.

"ಯಾರು ನೀವು?" ಎಂದು ಟೀಚರ್ ಇಂಗ್ಲಿಷಿನಲ್ಲಿ ಕೇಳಿದರು.

ಸಿದ್ದೇಶ್ವರಿ ಉತ್ತರವನ್ನು ಪಾರಸಿಯಲ್ಲಿ ಕೊಟ್ಟಳು. "ಕ್ಷಮಿಸಬೇಕು. ನೀವು ಓದುತ್ತಿರುವ ಸಾಲು ತಪ್ಪು."

ಗೋಡೆಗುಂಟ ಹಾಕಿದ್ದ ಮರದ ಬಾರಿನ ಮೇಲೆ ಕಾಲಿಟ್ಟುಕೊಂಡಿದ್ದ ಹುಡುಗಿಯರು ಹಾಗೆಯೇ ನಿಂತರು. ಮುದುಕಿ ಅವಳ ಹಣೆಯ ವಿಭೂತಿಯನ್ನು, ಚೂಡಿದಾರದ ಮೇಲೆ ಹಾಕಿದ್ದ ಗಂಡ ರವಿಕಿರಣನ ಹಳೆಯ ಜಾಕೆಟ್ಟನ್ನು ನೋಡಿದರು. ಆಮೇಲೆ ಪುಸ್ತಕವನ್ನು ಅವಳ ಕಡೆ ತಿರುಗಿಸಿ ಹಿಡಿದು, "ಹಾಗಾದರೆ ನೀನೇ ಓದು" ಎಂದರು.

ಅದು ಅಚ್ಚಾದ ಪುಸ್ತಕವಲ್ಲ ಎಂದು ಆಗಲೇ ಅವಳಿಗೆ ಗೊತ್ತಾದದ್ದು. ಕೈಬರಹ. ಅಕ್ಷರಕ್ಕೆ ಅಕ್ಷರ ಜೋತುಬಿದ್ದು, ಚುಕ್ಕೆಗಳೆಲ್ಲ ಮಾಯವಾಗಿ, ಸಾಲಾಗಿ ಹೊರಟ ಇರುವೆಗಳ ಮೇಲೆ ಯಾರೋ ನೀರು ಚೆಲ್ಲಿದಂತೆ ಕಾಣುವ ಬರಹ. ಶಿಕಸ್ತಾ ಎನ್ನುತ್ತಾರೆ, ಮುರುಕು ಬರಹ ಎಂದರ್ಥ. ಇರಾನಿನಲ್ಲಿ ಹುಟ್ಟಿದವರಿಗೇ ಅದು ಕಬ್ಬಿಣದ ಕಡಲೆ. ಸಿದ್ದೇಶ್ವರಿ ನಿಂತಲ್ಲೇ ಎರಡು ಪುಟ ತಡೆಯಿಲ್ಲದೆ ಓದಿದಳು.

ಬೀದರಿನ ಹೆಣ್ಣುಮಗಳಿಗೆ ಇದು ಬಂದದ್ದು ಅಪ್ಪನಿಂದ. ಶಿವಬಸಪ್ಪ ಜಿಲ್ಲಾ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಗುಮಾಸ್ತರಾಗಿದ್ದವರು. ನಿಜಾಮರ ಕಾಲದ ಮತ್ತು ಅದಕ್ಕೂ ಹಿಂದಿನ ಇನಾಮು ಜಮೀನಿನ ಕಾಗದಗಳು ಅಲ್ಲಿ ಕೆಂಪು ಬಟ್ಟೆಯ ಗಂಟುಗಳಲ್ಲಿ ಕೂತಿದ್ದವು. ಕೋರ್ಟಿನಲ್ಲಿ ತಕರಾರು ಬಿದ್ದಾಗ ಅವನ್ನು ಓದಬಲ್ಲವರು ಕಚೇರಿಯಲ್ಲಿ ಒಬ್ಬರೇ ಒಬ್ಬರು ಮುನ್ಷಿ ಉಳಿದಿದ್ದರು. ಅವರು ನಿವೃತ್ತರಾಗುವ ಮೊದಲು ಶಿವಬಸಪ್ಪ ಬೆನ್ನು ಬಿದ್ದು ಕಲಿತರು. ಕಲಿತದ್ದನ್ನು ಮಗಳಿಗೆ ಕಲಿಸಿದರು. ಶಾಲೆಯಲ್ಲಿ ಕೇಶವಮೂರ್ತಿ ಮೇಷ್ಟ್ರು ಕನ್ನಡ ಛಂದಸ್ಸಿನಲ್ಲಿ ಯಗಣ ಹೇಳಿಕೊಟ್ಟಿದ್ದರು: ಒಂದು ಲಘು, ಎರಡು ಗುರು, ಐದು ಮಾತ್ರೆ. ಮನೆಗೆ ಬಂದು ಅಪ್ಪನ ಬಳಿ ಪಾರಸಿ ವೀರಕಾವ್ಯ ಓದಿದಾಗ ಹುಡುಗಿಗೆ ಅದೇ ಗಣ ಕೇಳಿಸಿತು. ಮೂರು ಯಗಣ, ಮೇಲೊಂದು ಲಘು, ಒಂದು ಗುರು, ಕೊನೆಯಲ್ಲಿ ಎರಡು ಮಾತ್ರೆಯಷ್ಟು ಉಸಿರು. ಐದು, ಐದು, ಐದು, ಐದು. "ಅಪ್ಪಾ, ಇದು ನಮ್ಮ ಖಂಡಗತಿ ಅದ!" ಎಂದು ಅವಳು ಕೂಗಿದ್ದಕ್ಕೆ ಶಿವಬಸಪ್ಪ ನಕ್ಕು, "ಯಾರದೂ ಅಲ್ಲ ತಗೋ ಅದು, ಗತಿ ಅಷ್ಟೇ" ಎಂದಿದ್ದರು. ಹೈದರಾಬಾದಿನಲ್ಲಿ ಪಾರಸಿ ಎಂ.ಎ. ಮಾಡಿ, ಎರಡು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದಳು. ಮದುವೆಯಾದ ಮೇಲೆ, ಡೇಟಾ ಸೆಂಟರುಗಳ ಕೂಲಿಂಗ್ ಎಂಜಿನಿಯರಾದ ಗಂಡ ರವಿಕಿರಣನ ಜೊತೆ ೨೦೦೮ರಲ್ಲಿ ಸ್ಟರ್ಲಿಂಗಿಗೆ ಬಂದಳು. ಅವಲಂಬಿತರ ವೀಸಾ. ಕೆಲಸ ಮಾಡುವ ಹಾಗಿಲ್ಲ. ಮಗಳನ್ನು ಬಿಡುವುದು, ಕರೆತರುವುದು, ಮಧ್ಯೆ ಕಾರಿನಲ್ಲಿ ಕೂತಿರುವುದು.

ಟೀಚರ್ ಹೆಸರು ತೂರಾನ್; ಮರ್ಯಾದೆಗೆ ತೂರಾನ್ ಖಾನುಮ್. ಅರವತ್ತೆರಡು ವರ್ಷ. ಹರೆಯದಲ್ಲಿ ತೆಹರಾನಿನಲ್ಲಿ ಬ್ಯಾಲೆ ಕುಣಿದವರು. ಕ್ರಾಂತಿಯಾಗಿ ಬ್ಯಾಲೆ ನಿಂತುಹೋದಾಗ ಅಮೆರಿಕಕ್ಕೆ ಬಂದು, ಕೊನೆಗೆ ಒಂದು ಡ್ರೈಕ್ಲೀನಿಂಗ್ ಅಂಗಡಿ ಮತ್ತು ಪಿಜ್ಜಾ ಅಂಗಡಿಯ ನಡುವೆ ಶಾಲೆ ತೆರೆದಿದ್ದರು. ಕೈಬರಹದ ಪುಸ್ತಕ ಅವರ ತಾತನದು. ಹೆಚ್ಚು ಜನ ಓದದ, ಅಚ್ಚೂ ಆಗದ ಒಂದು ಹಳೆಯ ವೀರಕಾವ್ಯ. ಅದನ್ನು ಬ್ಯಾಲೆಯಾಗಿ ರಂಗಕ್ಕೆ ತರಬೇಕೆಂಬ ಹಟಕ್ಕೆ ಬಿದ್ದು ಅವರಿಗೆ ಹನ್ನೆರಡು ವರ್ಷವಾಗಿತ್ತು. ಫ್ರೆಂಚ್ ಶಾಲೆಯಲ್ಲಿ ಓದಿದ್ದರಿಂದ ಮುರುಕು ಬರಹ ಮಾತ್ರ ಅರ್ಧಂಬರ್ಧ.

"ಚೆನ್ನಾಗಿ ಓದ್ತೀಯ. ಆದರೆ ನಿನ್ನ ಉಚ್ಚಾರ!" ಎಂದು ಅವರು ಮೊದಲ ದಿನವೇ ಕೆಣಕಿದರು. "ಸಿಂಹಕ್ಕೆ ಶೇರ್ ಅಂತೀಯಲ್ಲ. ಮುನ್ನೂರು ವರ್ಷದ ಹಿಂದಿನ ದರ್ಬಾರಿನವರ ಹಾಗೆ. ನಾವು ಶೀರ್ ಅಂತೀವಿ."

"ಹಾಲಿಗೂ ಶೀರ್ ಅಂತೀರಲ್ಲ, ಖಾನುಮ್. ಸಿಂಹ ಯಾವುದು, ಹಾಲು ಯಾವುದು ಅಂತ ಹೇಗೆ ತಿಳೀಬೇಕು?"

"ಕುಡಿಯೋಕೆ ಹೋದಾಗ ತಿಳಿಯುತ್ತೆ" ಎಂದರು ತೂರಾನ್ ಖಾನುಮ್.

ಅಲ್ಲಿಂದ ವಾರಕ್ಕೆ ಮೂರು ದಿನ ಸಿದ್ದೇಶ್ವರಿ ಒಳಬಾಗಿಲಿನ ಆಚೆಗೇ ಇರತೊಡಗಿದಳು. ಇಡೀ ಕಾವ್ಯ ಬ್ಯಾಲೆಗೆ ಒಗ್ಗುವಂಥದ್ದಲ್ಲ ಎಂದು ಇಬ್ಬರಿಗೂ ಬೇಗ ಗೊತ್ತಾಯಿತು. ಯುದ್ಧದ ಮೇಲೆ ಯುದ್ಧ, ಕುದುರೆ ವರ್ಣನೆ, ಉಪದೇಶ. ನಡುವೆ ಒಂದು ಕಡೆ ನಲವತ್ತು ಸಾಲಿನ ಒಂದು ಪ್ರಸಂಗ ಬರುತ್ತದೆ. ರಾಜಕುಮಾರ ಯುದ್ಧದಲ್ಲಿ ಸತ್ತಿದ್ದಾನೆ. ಅವನನ್ನು ಎತ್ತಿ ಆಡಿಸಿದ ದಾಯಿ ಸೈನ್ಯದ ಜೊತೆಗೇ ಇದ್ದಳು. ಅವನ ನಡುಪಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ, ತಾಯಿಗೆ ಸುದ್ದಿ ಮುಟ್ಟಿಸಲು ಅವಳನ್ನೇ ಕಳಿಸುತ್ತಾರೆ. ನಾಲ್ಕು ದಿನದ ದಾರಿ. ಗಂಟಿನಲ್ಲಿ ಏನು ಎಂದು ಕೇಳಿದವರಿಗೆಲ್ಲ ದಾಯಿ ಒಂದೊಂದು ಹೇಳುತ್ತಾಳೆ: ಒಣಹಣ್ಣು, ಕೂಸಿನ ಬಟ್ಟೆ, ಬಿತ್ತನೆ ಬೀಜ. ಅರಮನೆ ಮುಟ್ಟಿದಾಗ ರಾಣಿ ಗಂಟಿನ ವಿಷಯವನ್ನೇ ಎತ್ತುವುದಿಲ್ಲ. "ದಾರಿಯಲ್ಲಿ ಹಿಮ ಬಿದ್ದಿತ್ತೇ?" ಎನ್ನುತ್ತಾಳೆ. ದಾಯಿ, "ಬಿದ್ದಿತ್ತು" ಎನ್ನುತ್ತಾಳೆ. ಅಷ್ಟೇ. ಮುಂದಿನ ಸಾಲಿನಲ್ಲಿ ಕಾವ್ಯ ಮತ್ತೆ ಸೈನ್ಯದ ಕಡೆ ಹೊರಟುಹೋಗುತ್ತದೆ.

"ಇದು" ಎಂದಳು ಸಿದ್ದೇಶ್ವರಿ. ತೂರಾನ್ ಖಾನುಮ್ ಹುಡುಗಿಯರ ಬಾರನ್ನು ಹಿಡಿದು ನಿಂತಿದ್ದರು.

ಕಷ್ಟ ಶುರುವಾದದ್ದು ಎಣಿಕೆಯಲ್ಲಿ. ಬ್ಯಾಲೆಯವರು ಎಂಟರಲ್ಲಿ ಎಣಿಸುತ್ತಾರೆ. ಮೂರು ವರ್ಷದ ಮಗುವಾಗಿದ್ದಾಗಿನಿಂದಲೇ ಅವರ ಮೊಣಕಾಲಿಗೆ, ಹಿಮ್ಮಡಿಗೆ, ಉಸಿರಿಗೆ ಎಂಟು ಇಳಿದಿರುತ್ತದೆ. ಸಿದ್ದೇಶ್ವರಿ ಚಪ್ಪಾಳೆ ತಟ್ಟಿ 'ತ ಧೀಂ ಧೀಂ, ತ ಧೀಂ ಧೀಂ' ಎಂದು ಹೇಳಿಕೊಟ್ಟರೆ ಹುಡುಗಿಯರು ಎರಡು ಸಾಲು ಸರಿಯಾಗಿ ನಡೆದು, ಮೂರನೆಯ ಸಾಲಿಗೆ ಮತ್ತೆ ಎಂಟಕ್ಕೆ ಜಾರುತ್ತಿದ್ದರು. ಸಾಲಿನ ಕೊನೆಯ ಎರಡು ಮಾತ್ರೆಯ ಸುಮ್ಮನಿರುವಿಕೆ ಅವರಿಗೆ ಸಹಿಸಲಾಗುತ್ತಿರಲಿಲ್ಲ. ಅಲ್ಲೊಂದು ಕೈ ಬೀಸಿಬಿಡುತ್ತಿದ್ದರು. ಸಿದ್ದೇಶ್ವರಿ ಮನೆಗೆ ಬಂದು ಕಾಗದದ ತುಂಬ ಲಘು ಗುರು ಗುರುತು ಹಾಕಿ, ಕೆಳಗೆ ಹೆಜ್ಜೆ ಬರೆದು, ಮತ್ತೆ ಹರಿದು ಬರೆಯುತ್ತಿದ್ದಳು. ಒಲೆಯ ಮೇಲಿನ ಬೇಳೆ ಸೀದ ದಿನಗಳೂ ಇದ್ದವು.

"ಕೆಲಸಾನೂ ಅಲ್ಲ, ನೌಕರೀನೂ ಅಲ್ಲ, ಇಷ್ಟ್ಯಾಕ ತಲಿ ಕೆಡಿಸ್ಕೋತಿ?" ಎಂದ ರವಿಕಿರಣ ಒಂದು ದಿನ.

"ನೌಕರಿ ಮಾಡ್ಲಿಕ್ಕ ಬಿಡಲ್ಲರಿ ಈ ದೇಶದಾಗ ನನಗ. ತಲೀನರೆ ಕೆಡಿಸ್ಕೋತೀನಿ, ಬಿಡ್ರಿ."

೨೦೧೨ರ ವಸಂತಕ್ಕೆ ಬ್ಯಾಲೆ ಸಿದ್ಧವಾಯಿತು. ಸಿದ್ಧವಾಯಿತು ಎನ್ನುವುದು ಮಂಡಳಿಯ ಮಾತು. ಶಾಲೆಯ ಬೆನ್ನಿಗೆ ಊರಿನ ಇರಾನಿ ಕುಟುಂಬಗಳ ಒಂದು ಮಂಡಳಿ ನಿಂತಿತ್ತು. ಅಧ್ಯಕ್ಷರು ಒಬ್ಬ ದಂತವೈದ್ಯರು, ಒಳ್ಳೆಯ ಮನುಷ್ಯ, ಎಲ್ಲದಕ್ಕೂ ನಗುವವರು. ಅವರೇ ಗೊತ್ತುಮಾಡಿದ ಸಂಗೀತಗಾರ ಇಡೀ ಸಂಗೀತವನ್ನು ನಾಲ್ಕರ ತಾಳದಲ್ಲಿ ಬರೆದು ಕಳಿಸಿದ. ಸಿದ್ದೇಶ್ವರಿ ಫೋನಿನಲ್ಲಿ ಅವನಿಗೆ ಐದರ ಲೆಕ್ಕ ವಿವರಿಸಿದಳು. ಅವನು ತುಂಬ ಇಂಟರೆಸ್ಟಿಂಗ್ ಎಂದ. ಮುಂದಿನ ವಾರ ಕಳಿಸಿದ್ದೂ ನಾಲ್ಕರದ್ದೇ. ಆಮೇಲೆ ಅಧ್ಯಕ್ಷರು ರಿಹರ್ಸಲ್ಲಿಗೆ ಬಂದರು. ದಾಯಿಯ ಪ್ರಸಂಗ ಮುಗಿದ ಮೇಲೂ ಮುಂದೇನೋ ಬರುತ್ತದೆಂದು ಕಾದು ಕೂತಿದ್ದರು.

"ಮುಗೀತು" ಎಂದರು ತೂರಾನ್ ಖಾನುಮ್.

"ಹೀಗೆ ಮುಗಿಸಿದರೆ ಹೇಗೆ? ಜನ ಮಕ್ಕಳು ಮರಿ ಕಟ್ಟಿಕೊಂಡು ಬಂದಿರ್ತಾರೆ. ಕೊನೆಗೊಂದು ಮದುವೆ ಕುಣಿತ ಇರಲಿ. ಎಲ್ಲ ಹುಡುಗಿಯರಿಗೂ ಒಂದು ಚಾನ್ಸ್ ಸಿಕ್ಕಂತೆ ಆಗುತ್ತೆ."

"ಯಾರ ಮದುವೆ? ಹುಡುಗ ಸತ್ತಿದ್ದಾನೆ" ಎಂದಳು ಸಿದ್ದೇಶ್ವರಿ.

"ಅವನ ತಮ್ಮನದ್ದು ಅಂದುಕೊಳ್ಳೋಣ" ಎಂದು ಅಧ್ಯಕ್ಷರು ನಕ್ಕರು.

ಹೈಸ್ಕೂಲೊಂದರ ಆಡಿಟೋರಿಯಮ್ಮಿನಲ್ಲಿ ಆಟವಾಯಿತು. ಇಲ್ಲದ ತಮ್ಮನ ಮದುವೆಗೆ ಇಪ್ಪತ್ತಾರು ಹುಡುಗಿಯರು ಕುಣಿದರು. ಜನ ಎದ್ದುನಿಂತು ಚಪ್ಪಾಳೆ ಹೊಡೆದರು. ಕಾರ್ಯಕ್ರಮದ ಹಾಳೆಯ ಕೊನೆಯಲ್ಲಿ, ಸಮೋಸ ಕೊಟ್ಟವರ ಹೆಸರಿನ ಕೆಳಗೆ, ವಿಶೇಷ ಧನ್ಯವಾದ ಎಂದು 'ಸಿಡ್ನಿ ಶ್ವಾರಿ' ಎಂಬುವರ ಹೆಸರಿತ್ತು. ಅದು ತಾನೇ ಎಂದು ಸಿದ್ದೇಶ್ವರಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ರವಿಕಿರಣ ಕಾರಿನಲ್ಲಿ ನಗು ತಡೆದುಕೊಳ್ಳಲು ನೋಡಿ ಸೋತ. ಅವಳೂ ನಕ್ಕಳು. ಮನೆ ಮುಟ್ಟಿದ ಮೇಲೆ ಬಟ್ಟೆ ಒಗೆಯುವ ಯಂತ್ರದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತಳು.

ಮರುವರ್ಷ ಮಧುರಾ, "ಅಮ್ಮ, ಐ ಡೋಂಟ್ ಲೈಕ್ ಬ್ಯಾಲೆ ಎನಿಮೋರ್. ನಂಗೆ ಸಾಕರ್ ಬೇಕು" ಎಂದು ಬಿಟ್ಟುಬಿಟ್ಟಳು. ತಾಯಿ ಮಾತ್ರ ಅಲ್ಲಿಗೆ ಹೋಗುವುದು ಬಿಡಲಿಲ್ಲ. ಕನ್ನಡ ಕೂಟದ ಯುಗಾದಿ ಊಟದಲ್ಲಿ ರಾಜಲಕ್ಷ್ಮಿ ಆಂಟಿ ಪಂಕ್ತಿಯ ನಡುವೆಯೇ ಕೇಳಿದರು: "ಮಗಳೇ ಬಿಟ್ಟಳಂತೆ, ಇನ್ನೂ ನೀವ್ಯಾಕೆ ಅಲ್ಲಿಗೆ ಡ್ರೈವ್ ಮಾಡ್ತೀರಾ? ನಮ್ಮ ಕೂಟದ ಮಕ್ಕಳಿಗೆ ಕನ್ನಡ ಹೇಳಿಕೊಡಬಹುದಲ್ವಾ? ಆ ಪರ್ಷಿಯನ್ನು ನಮಗೆ ಯಾಕೆ?" ಸಿದ್ದೇಶ್ವರಿ ಹೋಳಿಗೆ ಮುರಿಯುತ್ತ, "ಅದರಾಗ ಯಗಣ ಅದಾವರಿ ಆಂಟಿ" ಎಂದಳು. ಆಂಟಿ ಪಕ್ಕದವರ ಕಡೆ ತಿರುಗಿದರು. ಯಾರಿಗೂ ಹೇಳಿ ತಿಳಿಸಲಾಗದ ಕೆಲಸ ಅದು. ಇರಾನಿಗಳಿಗೆ ಅವಳು ಹಿಂದೂಸ್ತಾನದ ಹೆಂಗಸು, ಕನ್ನಡದವರಿಗೆ ಪಾರಸಿ ಹುಚ್ಚಿನವಳು, ಬ್ಯಾಲೆಯವರಿಗೆ ಕಾಲೆತ್ತಲು ಬಾರದವಳು.

೨೦೧೫ರಲ್ಲಿ ಅವಳಂಥವರಿಗೂ ಕೆಲಸದ ಪರವಾನಗಿ ಕೊಡುವ ನಿಯಮ ಬಂತು. ಕಾರ್ಡು ಬಂದ ವಾರವೇ ತೂರಾನ್ ಖಾನುಮ್ ಇನ್ನೊಂದು ಸುದ್ದಿ ಹೇಳಿದರು. ಅಟ್ಲಾಂಟಾದ ಒಂದು ಬ್ಯಾಲೆ ಕಂಪನಿ ಆ ಕೃತಿಯನ್ನು ತೆಗೆದುಕೊಳ್ಳುತ್ತದಂತೆ. ದೊಡ್ಡ ರಂಗ, ವೃತ್ತಿಪರ ನರ್ತಕರು. ಮದುವೆ ಕುಣಿತ ಬೇಡ ಎಂದು ಅವರೇ ಒಪ್ಪಿದ್ದಾರಂತೆ. "ನಿನ್ನ ಐದು ಕೂಡ ಬೇಕಂತೆ, ಸಿದ್ದಿ ಜಾನ್. ಕಾವ್ಯ ಸಲಹೆಗಾರಳು ಅಂತ ಹೆಸರು ಹಾಕ್ತಾರೆ."

ಸಿದ್ದೇಶ್ವರಿ ಒಂದು ವರ್ಷ ಕೂತು ಎಲ್ಲವನ್ನೂ ಹೊಸದಾಗಿ ಬರೆದಳು. ನಲವತ್ತು ಸಾಲಿಗೆ ನೂರಾ ಹನ್ನೆರಡು ಪುಟ ಟಿಪ್ಪಣಿ: ಎಲ್ಲಿ ಉಸಿರು, ಎಲ್ಲಿ ಗಂಟು ಒಂದು ಕೈಯಿಂದ ಇನ್ನೊಂದಕ್ಕೆ ಹೋಗಬೇಕು, ರಾಣಿ ಕೇಳುವಾಗ ದಾಯಿಯ ಮುಖ ಯಾವ ಕಡೆ. ಅಟ್ಲಾಂಟಾದಿಂದ ಬರುತ್ತಿದ್ದ ಇ-ಮೇಲ್‌ಗಳಲ್ಲಿ ಎಲ್ಲವೂ ಅದ್ಭುತ, ಎಲ್ಲವೂ ಸುಂದರ.

೨೦೧೬ರ ನವೆಂಬರಿನಲ್ಲಿ ಇಬ್ಬರೂ ಕಾರಿನಲ್ಲಿ ಹೊರಟರು. ತೂರಾನ್ ಖಾನುಮ್‌ಗೆ ವಿಮಾನವೆಂದರೆ ಆಗದು. ಕರೊಲಿನಾ ದಾಟುವಷ್ಟರಲ್ಲಿ ಅವರು ಆ ನಲವತ್ತು ಸಾಲನ್ನು ಹತ್ತು ಸಲ ಮೊದಲಿಂದ ಕೊನೆಯವರೆಗೆ ಹೇಳಿಸಿಕೊಂಡಿದ್ದರು. ಉಳಿದುಕೊಂಡದ್ದು ಅಟ್ಲಾಂಟಾ ಹತ್ತಿರದ ಕಮ್ಮಿಂಗ್‌ನಲ್ಲಿ, ರವಿಕಿರಣನ ತಂಗಿ ಸ್ಮಿತಾಳ ಹೊಸ ಮನೆಯಲ್ಲಿ. ಸ್ಮಿತಾ ನಾರ್‌ಕ್ರಾಸ್‌ವರೆಗೆ ಹೋಗಿ ಜೋಳದ ಹಿಟ್ಟು ತಂದು ರೊಟ್ಟಿ ಬಡಿದಿದ್ದಳು. ತೂರಾನ್ ಖಾನುಮ್ ಎಣ್ಣೆಗಾಯಿಯ ಜೊತೆ ಮೂರು ರೊಟ್ಟಿ ತಿಂದು, "ನಾಳೆ ಹಿಮ ಬೀಳುತ್ತೆ ನೋಡು, ರಂಗದ ಮೇಲೆ" ಎಂದರು. ಅಷ್ಟು ಖುಷಿಯಾಗಿದ್ದುದನ್ನು ಸಿದ್ದೇಶ್ವರಿ ಎಂದೂ ಕಂಡಿರಲಿಲ್ಲ.

ಮರುದಿನ ಮಧ್ಯಾಹ್ನ ಡ್ರೆಸ್ ರಿಹರ್ಸಲ್. ಕಂಪನಿಯ ಹುಡುಗಿಯೊಬ್ಬಳು ಕಾರ್ಯಕ್ರಮದ ಹಾಳೆ ತಂದುಕೊಟ್ಟಳು. ಮೂರನೆಯ ಸಾಲಿನಲ್ಲಿ, ಒಂದಕ್ಷರ ತಪ್ಪಿಲ್ಲದೆ: ಕಾವ್ಯ ಸಲಹೆ, ಸಿದ್ದೇಶ್ವರಿ ಶಿವಬಸಪ್ಪ. ಅವಳು ಅದರ ಮೇಲೆ ಬೆರಳಾಡಿಸಿದಳು. ಆಮೇಲೆ ಪರದೆ ಎದ್ದಿತು.

ದಾಯಿ ಬಂದಳು. ಮುಖಕ್ಕೆ ತೆಳು ಮುಸುಕು, ಬರಿಹೊಟ್ಟೆ, ಸೊಂಟಕ್ಕೆ ನಾಣ್ಯದ ಸರ. ಹೊಗೆ. ಗಂಟಿನಲ್ಲಿ ಏನು ಎಂದು ಕೇಳಿದವರ ಮುಂದೆಲ್ಲ ಅವಳು ಸೊಂಟ ಬಳುಕಿಸಿದಳು. ತಾಳ ಎಂಟು. ಕೊನೆಯಲ್ಲಿ ರಾಣಿ ಗಂಟು ಬಿಚ್ಚಿದಳು. ಒಳಗಿನಿಂದ ಬೆಳಕು ಬಂತು. ರಾಜಕುಮಾರ ಬೆಳಕಿನೊಳಗಿಂದ ಎದ್ದುಬಂದು ತಾಯಿಯನ್ನು ಎತ್ತಿ ತಿರುಗಿಸಿದ. ಮೇಲಿನಿಂದ ಕಾಗದದ ಹಿಮ ಸುರಿಯಿತು.

ಹೆಜ್ಜೆಗಳನ್ನು ಕಟ್ಟಿದ ಯುವತಿಯ ಬಳಿ ಸಿದ್ದೇಶ್ವರಿ ಹೋದಳು. ಆಕೆ ಬೆವರು ಒರೆಸಿಕೊಳ್ಳುತ್ತ ಮರ್ಯಾದೆಯಿಂದಲೇ ಮಾತಾಡಿದಳು. "ನಿಮ್ಮ ನೋಟ್ಸ್ ನಾನು ಪೂರ್ತಿ ಓದಿದ್ದೀನಿ. ಐದರಲ್ಲಿ ಎರಡು ವಾರ ಪ್ರಯತ್ನಪಟ್ಟೆವು, ಡ್ಯಾನ್ಸರ್‌ಗಳಿಗೆ ಗಾಯವಾಗೋಕೆ ಶುರುವಾಯ್ತು. ಮತ್ತೆ ಆ ಹಿಮದ ಪ್ರಶ್ನೆ, ಅದು ಮಾತು. ಬ್ಯಾಲೆಯಲ್ಲಿ ಮಾತಿಲ್ಲ. ನಾನು ಹೇಗೆ ತೋರಿಸಲಿ?"

"ತೋರಿಸಬೇಡಿ. ಇಬ್ಬರನ್ನೂ ಸುಮ್ಮನೆ ನಿಲ್ಲಿಸಿ."

"ಎಂಟುನೂರು ಜನರ ಮುಂದೆ ಸುಮ್ಮನೆ ನಿಲ್ಲಿಸೋದಾ?"

ಸಿದ್ದೇಶ್ವರಿ ತಿರುಗಿ ನಡೆದಳು. ಅವಳು ಕಾರ್ಯಕ್ರಮದ ಹಾಳೆಯನ್ನು ಅದನ್ನು ತಂದುಕೊಟ್ಟಿದ್ದ ಹುಡುಗಿಗೇ ವಾಪಸು ಕೊಟ್ಟು, "ಇದರಿಂದ ನನ್ನ ಹೆಸರು ತೆಗೆಯಿರಿ" ಎಂದಳು. ಎಲ್ಲ ಅಚ್ಚಾಗಿದೆ ಎಂದರು. "ಹಾಗಾದರೆ ಮಸಿ ಬಳಿಯಿರಿ" ಎಂದಳು. ಕೊನೆಗೆ ಅವರು ಒಂದು ಚೀಟಿ ಅಂಟಿಸಲು ಒಪ್ಪಿದರು.

ತೂರಾನ್ ಖಾನುಮ್ ಅವಳ ಪರವಾಗಿ ನಿಲ್ಲಲಿಲ್ಲ. ಆಟದ ದಿನ ಕಪ್ಪು ರೇಷ್ಮೆ ಉಟ್ಟು ರಂಗಕ್ಕೆ ಹೋಗಿ ಹೂಗುಚ್ಛ ತೆಗೆದುಕೊಂಡರು. ವಾಪಸು ಬರುವಾಗ ಸೌತ್ ಕರೊಲಿನಾದ ಒಂದು ಪೆಟ್ರೋಲ್ ಬಂಕಿನ ಬಳಿ ಮಾತು ಸ್ಫೋಟವಾಯಿತು.

"ನಿಮಗೆ ಗೊತ್ತಿತ್ತು" ಎಂದಳು ಸಿದ್ದೇಶ್ವರಿ. "ವಿಡಿಯೊ ಕಳಿಸಿದ್ದರು ತಾನೇ? ಗೊತ್ತಿದ್ದೂ ನನ್ನನ್ನ ಕರ್ಕೊಂಡು ಬಂದ್ರಿ."

"ಗೊತ್ತಿತ್ತು. ನನಗೆ ಅರವತ್ತೊಂಬತ್ತು. ನನ್ನ ತಾತನ ಪುಸ್ತಕದ ಹೆಸರು ಒಂದು ಸಲ ದೊಡ್ಡ ರಂಗದ ಮೇಲೆ ಬರಲಿ ಅಂತ ಆಸೆಯಿತ್ತು. ನೀನು ಚಿಕ್ಕವಳು. ನಿನಗೆ ಸರಿ ತಪ್ಪು ಅಂತ ಕೂರೋಕೆ ಟೈಮ್ ಇದೆ."

"ಅದು ನಿಮ್ಮ ತಾತನ ಪುಸ್ತಕವೇ ಅಲ್ಲ, ಅಲ್ಲಿ ಆಡಿದ್ದು!"

ಇನ್ನೂ ಏಳು ಗಂಟೆಯ ದಾರಿ ಉಳಿದಿತ್ತು. ಮನೆಯ ಮುಂದೆ ಇಳಿಯುವಾಗ ತೂರಾನ್ ಖಾನುಮ್ ಕಾರಿನ ಬಾಗಿಲನ್ನು ಮೆತ್ತಗೆ ಹಾಕಿದರು. ದಢಾರನೆ ಹಾಕಿದ್ದರೆ ವಾಸಿಯಿತ್ತು ಎಂದು ಸಿದ್ದೇಶ್ವರಿಗೆ ಅನ್ನಿಸಿತು.

ಮೂರು ತಿಂಗಳು ಅವಳು ಆ ಕಡೆ ಹಾಯಲಿಲ್ಲ. ಕೌಂಟಿ ಲೈಬ್ರರಿಯಲ್ಲಿ ಕೆಲಸಕ್ಕೆ ಅರ್ಜಿ ಹಾಕಿದಳು. ಟಿಪ್ಪಣಿಯ ನೂರಾ ಹನ್ನೆರಡು ಪುಟವನ್ನು ಮರುಬಳಕೆಯ ನೀಲಿ ತೊಟ್ಟಿಗೆ ಹಾಕಿ, ಲಾರಿ ಬರುವ ಮೊದಲು ಚಪ್ಪಲಿಯೂ ಇಲ್ಲದೆ ಓಡಿ ತೆಗೆದುಕೊಂಡು ಬಂದಳು. ರವಿಕಿರಣ ಕಿಟಕಿಯಿಂದ ನೋಡಿದ.

ಫೆಬ್ರವರಿಯ ಕೊನೆಯಲ್ಲಿ ತೂರಾನ್ ಖಾನುಮ್ ಅವರ ಫೋನ್ ಬಂತು. ಕ್ಷೇಮಸಮಾಚಾರ ಇಲ್ಲ, ಪೀಠಿಕೆ ಇಲ್ಲ. "ಅರವತ್ತೊಂದನೇ ಪುಟ, ದಾಯಿ ಹೊರಡೋ ಸಾಲು. 'ಬರಿದಾದ' ಅಂತ ಬರುತ್ತಲ್ಲ, ಅದರ ಮುಂದೆ. ದಸ್ತ್ ಅಂತ ಇದೆಯೋ, ದಶ್ತ್ ಅಂತಲೋ?"

ದಸ್ತ್ ಎಂದರೆ ಕೈ. ದಶ್ತ್ ಎಂದರೆ ಬಯಲು. ಮೂರು ಚುಕ್ಕೆಯಷ್ಟೇ ವ್ಯತ್ಯಾಸ. ಮುರುಕು ಬರಹದಲ್ಲಿ ಚುಕ್ಕೆಗಳೇ ಇರುವುದಿಲ್ಲ. ಮಾತ್ರೆಯ ಲೆಕ್ಕಕ್ಕೆ ಎರಡೂ ಸರಿ.

"ಕೈ" ಎಂದಳು ಸಿದ್ದೇಶ್ವರಿ, ಸಿಟ್ಟು ಮರೆತು. "ನಾನು ಯಾವಾಗಲೂ ಬರಿಗೈ ಅಂತಲೇ ಓದಿದ್ದೀನಿ."

"ಕೈಯಲ್ಲಿ ಗಂಟಿದೆಯಲ್ಲೇ! ಬರಿಗೈ ಹೇಗೆ ಆಗುತ್ತೆ? ಬಯಲು."

ಮುಕ್ಕಾಲು ಗಂಟೆ ಜಗಳವಾಯಿತು. ಅಟ್ಲಾಂಟಾದ ಮಾತನ್ನು ಇಬ್ಬರೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ.

೨೦೧೭ರ ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ, ಶಾಲೆಯ ಒಳಕೋಣೆಯಲ್ಲೇ ನಲವತ್ತು ಮಡಚುವ ಕುರ್ಚಿ ಹಾಕಿ ಅವರು ಆ ಪ್ರಸಂಗವನ್ನು ಆಡಿದರು. ಮಂಡಳಿಗೆ ತಿಳಿಸಿರಲಿಲ್ಲ. ಸಂಗೀತವಿಲ್ಲ, ಸಿದ್ದೇಶ್ವರಿ ಮೂಲೆಯಲ್ಲಿ ಕೂತು ಪಾರಸಿ ಸಾಲುಗಳನ್ನು ಓದಿದಳು, ಅಂಗೈಯಿಂದ ಮರದ ಪೆಟ್ಟಿಗೆ ತಟ್ಟಿದಳು. ಆರು ಹುಡುಗಿಯರು. ದಾಯಿಯಾಗಿ ಕ್ಯಾಥ್ಲೀನ್ ಎಂಬ ಹಳೆಯ ವಿದ್ಯಾರ್ಥಿನಿ. ಈಗ ಮೂವತ್ತೈದು ವರ್ಷದವಳು, ಎರಡು ಮಕ್ಕಳ ತಾಯಿ. ಅವಳ ಮೈಯಲ್ಲಿ ಎಂಟು ಸ್ವಲ್ಪ ಸಡಿಲವಾಗಿತ್ತೋ ಏನೋ, ಐದು ಕೂತಿತು. ಪಕ್ಕದ ಪಿಜ್ಜಾ ಅಂಗಡಿಯ ವಾಸನೆ, ಆಚೆ ಯಾರದೋ ಕಾರಿನ ಅಲಾರಂ. ಕೊನೆಯಲ್ಲಿ ರಾಣಿಯೂ ದಾಯಿಯೂ ಎದುರುಬದುರು ನಿಂತರು. ಸಿದ್ದೇಶ್ವರಿ ಪ್ರಶ್ನೆಯ ಸಾಲು ಓದಿದಳು, ಉತ್ತರದ ಸಾಲು ಓದಿದಳು, ಎರಡು ಮಾತ್ರೆ ಬಿಟ್ಟಳು, ಕೈ ಎತ್ತಿಕೊಂಡಳು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಗಿಯಿತೆಂದು ಯಾರಿಗೂ ಗೊತ್ತಾಗಲಿಲ್ಲ. ಬಹಳ ಹೊತ್ತಾದ ಮೇಲೆ ಒಬ್ಬ ತಂದೆ ಪಕ್ಕದವರನ್ನು, "ಅಷ್ಟೇನಾ?" ಎಂದು ಕೇಳಿದ್ದು ಕೋಣೆಗೆಲ್ಲ ಕೇಳಿಸಿತು. ಕೊನೆಯ ಸಾಲಿನ ಕುರ್ಚಿಯಲ್ಲಿದ್ದ ಮಧುರಾ, ಸಾಕರ್ ಬಟ್ಟೆಯಲ್ಲೇ ಬಂದಿದ್ದವಳು, ಮೊದಲು ಕೈ ತಟ್ಟಿದಳು. ಆಮೇಲೆ ಉಳಿದವರು ಹಿಂದೆ ಮುಂದೆ ನೋಡುತ್ತ ತಟ್ಟಿದರು.

ಜನ ಹೋದ ಮೇಲೆ ಸಿದ್ದೇಶ್ವರಿ ಕುರ್ಚಿ ಮಡಚುತ್ತ ಗೊಣಗುತ್ತಿದ್ದಳು. ಮೂರನೆಯ ಹುಡುಗಿ ಎರಡನೆಯ ದಿನದ ದಾರಿಯಲ್ಲಿ ಎಂಟಕ್ಕೆ ಜಾರಿದ್ದಳು. ರಾಣಿ ಬೇಗ ತಲೆ ಎತ್ತಿದ್ದಳು. ತಾನೂ ಒಂದು ಕಡೆ ಉಸಿರು ತಪ್ಪಿದ್ದಳು. ಒಂದೇ ಒಂದು ಸಲ ಸರಿಯಾಗಿ ಆಗಬಾರದೇ?

"ಇವರಿಗೆ ಅರ್ಥ ಆಗಲಿಲ್ಲ, ಖಾನುಮ್. ಒಬ್ಬರಿಗೂ ಆಗಲಿಲ್ಲ."

ತೂರಾನ್ ಖಾನುಮ್ ನೆಲದ ಮೇಲೆ ಕೂತು ಊದಿದ ಹಿಮ್ಮಡಿ ಒತ್ತಿಕೊಳ್ಳುತ್ತಿದ್ದರು. "ಆಗಲಿಲ್ಲ" ಎಂದು ಒಪ್ಪಿಕೊಂಡರು. "ಆ ಮೂರನೆಯವಳನ್ನ ಬದಲಾಯಿಸೋಣ. ಮಂಗಳವಾರ ನಾಲ್ಕಕ್ಕೆ ಬಾ. ಐದು ನಿಮಿಷ ಮೊದಲೇ ಬಾ, ಪ್ರತಿಸಲ ಲೇಟು ನೀನು."

ಲೈಬ್ರರಿಯ ಕೆಲಸ ಮರುವರ್ಷ ಸಿಕ್ಕಿತು. ಮಂಗಳವಾರ ಮಧ್ಯಾಹ್ನ ಮಾತ್ರ ತನಗೆ ಆಗುವುದಿಲ್ಲ ಎಂದು ಸಿದ್ದೇಶ್ವರಿ ಮೊದಲೇ ಹೇಳಿ ಸೇರಿದಳು.